ಕೃತಕ ದಂತದ ಅಕ್ರಿಲಿಕ್ಕೂ ಚರ್ಮದ ಒಗ್ಗದಿಕೆಯೂ

ಕಟ್ಟಿಸಿದ ಹಲ್ಲಿನ ಸಾಲನ್ನು ರಾತ್ರಿ ಮಲಗುವ ಮುನ್ನ ತೆಗೆದು ನೀರಿನ ಲೋಟದಲ್ಲಿ ಇರಿಸುವ ಹಿರಿಯರನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆ ಹಲ್ಲುಗಳನ್ನು ಹಿಡಿದುಕೊಂಡಿರುವ, ಒಸಡಿನ ಬಣ್ಣದ, ನುಣುಪಾದ ಗಟ್ಟಿ ವಸ್ತುವು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್. ಹೆಸರು ಉದ್ದವಾದುದರಿಂದ ಎಲ್ಲರೂ ಅದನ್ನು ಅಕ್ರಿಲಿಕ್ ಎಂದೇ ಕರೆಯುತ್ತಾರೆ. ೧೯೩೦ರ ದಶಕದವರೆಗೆ ಈ ಕೆಲಸಕ್ಕೆ ಗಂಧಕ ಬೆರೆಸಿ ಕಾಯಿಸಿದ ಗಡುಸಾದ ರಬ್ಬರು, ಅಂದರೆ ವಲ್ಕನೈಟ್, ಹೆಚ್ಚಾಗಿ ಬಳಕೆಯಲ್ಲಿತ್ತು. ಆ ದಶಕದ ಉತ್ತರಾರ್ಧದಲ್ಲಿ ಅಕ್ರಿಲಿಕ್ ಬಂದಿತು. ಬಂದ ಹತ್ತು ವರ್ಷಗಳಲ್ಲಿಯೇ ವಲ್ಕನೈಟನ್ನು ಮೂಲೆಗೆ ತಳ್ಳಿತು.

ಈ ವಸ್ತುವು ದೇಹದೊಡನೆ ಎಷ್ಟು ಸಾಧುವಾಗಿ ಇರಬಲ್ಲದು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು ಪರ್ಸ್ಪೆಕ್ಸ್ ಎಂಬ ಹೆಸರಿನ ಇದೇ ಅಕ್ರಿಲಿಕ್ಕಿನಿಂದ ಮಾಡುತ್ತಿದ್ದರು. ಗುಂಡೇಟಿಗೆ ಅದು ಸಿಡಿದಾಗ ಅದರ ಚೂರುಗಳು ಕೆಲವು ಚಾಲಕರ ಕಣ್ಣಿನೊಳಕ್ಕೆ ಹೊಕ್ಕು ಅಲ್ಲಿಯೇ ಉಳಿದುಬಿಟ್ಟವು. ಲಂಡನ್ನಿನ ನೇತ್ರವೈದ್ಯ ಹೆರಲ್ಡ್ ರಿಡ್ಲಿ ಆ ಚೂರುಗಳ ಸುತ್ತ ಕಣ್ಣು ಕೆರಳದೆ ಸುಮ್ಮನಿರುವುದನ್ನು ಗಮನಿಸಿದರು. ಅದರ ಬಲದ ಮೇಲೆ, ೧೯೪೯ರ ನವೆಂಬರ್ ೨೯ರಂದು, ಪೊರೆ ತೆಗೆದ ಕಣ್ಣಿನೊಳಗೆ ಅಕ್ರಿಲಿಕ್ ಮಸೂರವನ್ನು ಕೂರಿಸಿದರು. ಇಂದು ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಸೂರವನ್ನು ಒಳಗಿಡುವ ವಾಡಿಕೆ ಅಲ್ಲಿಂದ ಹೊರಟದ್ದು.

ಹೀಗಿರಲು, ಅದೇ ಕಾಲದಲ್ಲಿ ಹಲ್ಲಿನ ಸಾಲುಗಳನ್ನು ತಯಾರಿಸುತ್ತಿದ್ದ ಕುಶಲಕರ್ಮಿಗಳ ಕೈಬೆರಳುಗಳ ಸ್ಥಿತಿ ಬೇರೆಯಾಗಿತ್ತು. ತುದಿಬೆರಳಿನ ಚರ್ಮ ಒಣಗುವುದು, ಸಿಪ್ಪೆಯೇಳುವುದು, ಬಿರಿಯುವುದು, ತುರಿಕೆಯಿಂದ ಕೆಂಪಾಗಿ ಇಸುಬಿನಂತಾಗುವುದು, ಕೆಲವರಿಗೆ ಬೆರಳ ತುದಿ ಜೋಮು ಹಿಡಿದಂತಾಗುವುದು—ಇವು ಕಂಡುಬಂದವು. ೧೯೫೪ರಲ್ಲಿ ಅಮೆರಿಕದ ಚರ್ಮವೈದ್ಯ ಅಲೆಕ್ಸಾಂಡರ್ ಫಿಷರ್ ತಮ್ಮ ದೇಶದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ವಿಷಯವಾಗಿ ಒಂದು ಲೇಖನ ಪ್ರಕಟಿಸಿದರು. ಚರ್ಮವನ್ನು ಕೆರಳಿಸುವುದು ತಯಾರಿಗೆ ಬಳಸುವ ದ್ರವ. ಪೂರ್ತಿ ಗಟ್ಟಿಯಾದ ಅಕ್ರಿಲಿಕ್ಕನ್ನು ಅದೇ ಮನುಷ್ಯನ ಚರ್ಮ ಸಹಿಸಿಕೊಳ್ಳುತ್ತದೆ ಎಂಬುದು ಅವರ ಮುಖ್ಯ ನಿರ್ಣಯ. ಒಂದೇ ವಸ್ತು ಕಣ್ಣಿನೊಳಗೆ ನಿರಪಾಯಿ, ಬೆರಳ ಮೇಲೆ ಉಪದ್ರವಕಾರಿ! ಇದು ಹೇಗೆ?

ಭೌತವಿಜ್ಞಾನದ ಪಾಠ ಹೇಳುವವನು ಚರ್ಮರೋಗದ ವಿಷಯಕ್ಕೆ ಏಕೆ ಕೈಹಾಕಬೇಕೆಂದು ಕೆಲವರು ಕೇಳಬಹುದು. ಉತ್ತರ ಸುಲಭ. ಈ ರೋಗದ ಅರ್ಧ ಭಾಗ ಅಣುಗಳ ಚಲನೆಯ ಪ್ರಶ್ನೆ. ವಿಸರಣದ ನಿಯಮವನ್ನು ೧೮೫೫ರಲ್ಲಿ ರೂಪಿಸಿದ ಅಡಾಲ್ಫ್ ಫಿಕ್ ಶರೀರಕ್ರಿಯಾವಿಜ್ಞಾನಿಯಾಗಿದ್ದರೆಂಬುದನ್ನು ನೆನೆದರೆ ಗಡಿ ದಾಟಿದ ತಪ್ಪು ಎರಡು ಕಡೆಯವರದೂ ಆಗುತ್ತದೆ.

ಮೊದಲು ಆ ದ್ರವವನ್ನು ನೋಡೋಣ. ಮೀಥೈಲ್ ಮೆಥಾಕ್ರಿಲೇಟ್ ಬಣ್ಣವಿಲ್ಲದ, ತೀಕ್ಷ್ಣ ವಾಸನೆಯ, ಬೇಗ ಆವಿಯಾಗುವ ದ್ರವ. ಅದರ ಅಣುಭಾರ ೧೦೦; ಕುದಿಯುವ ಉಷ್ಣತೆ ನೀರಿನದಕ್ಕೆ ಬಹಳ ಸಮೀಪ, ಸುಮಾರು ೧೦೧ ಡಿಗ್ರಿ ಸೆಂಟಿಗ್ರೇಡ್. ಈ ಅಣುವಿನ ಒಂದು ಕೊನೆಯಲ್ಲಿ ಎರಡು ಇಂಗಾಲದ ಪರಮಾಣುಗಳು ದ್ವಿಬಂಧದಿಂದ ಕೂಡಿಕೊಂಡಿವೆ. ಇಬ್ಬರು ಮಕ್ಕಳು ಎರಡೂ ಕೈಗಳಿಂದ ಪರಸ್ಪರ ಹಿಡಿದು ನಿಂತಂತೆ ಇದನ್ನು ಭಾವಿಸಬಹುದು. ಹೊರಗಿನಿಂದ ಯಾರಾದರೂ ಬಂದು ಒಂದು ಜೊತೆ ಕೈಯನ್ನು ಬಿಡಿಸಿದರೆ, ಬಿಡುವಾದ ಕೈ ಪಕ್ಕದ ಜೋಡಿಯ ಕೈ ಹಿಡಿಯುತ್ತದೆ. ಆ ಜೋಡಿಯೂ ಬಿಚ್ಚಿಕೊಂಡು ಮುಂದಿನದನ್ನು ಹಿಡಿಯುತ್ತದೆ. ಹೀಗೆ ಸಾವಿರಾರು ಅಣುಗಳ ಸರಪಳಿ ಬೆಳೆಯುತ್ತದೆ. ಬಿಡಿ ಅಣುವಿಗೆ ಮಾನೊಮರ್ ಎಂದೂ ಸರಪಳಿಗೆ ಪಾಲಿಮರ್ ಎಂದೂ ಹೆಸರು. ಕೈ ಬಿಡಿಸುವ ಆ ಹೊರಗಿನವನು ಬೆನ್ಸಾಯಿಲ್ ಪೆರಾಕ್ಸೈಡ್. ಕಾಯಿಸಿದಾಗ ಒಡೆದು ಚುರುಕಾದ ತುಣುಕುಗಳಾಗುತ್ತದೆ. ಸೀಸೆಯಲ್ಲಿರುವಾಗಲೇ ಸರಪಳಿ ಬೆಳೆಯದಂತೆ ತಡೆಯಲು ದ್ರವಕ್ಕೆ ಸ್ವಲ್ಪ ಹೈಡ್ರೊಕ್ವಿನೋನ್ ಸೇರಿಸಿರುತ್ತಾರೆ.

ದ್ರವದಲ್ಲಿ ನೆರೆಹೊರೆಯ ಅಣುಗಳು ದೂರದೂರ ಇರುತ್ತವೆ. ಬಂಧವಾದಾಗ ಹತ್ತಿರ ಬರುತ್ತವೆ. ದ್ರವದ ಸಾಂದ್ರತೆ ೦.೯೪, ಗಟ್ಟಿ ಅಕ್ರಿಲಿಕ್ಕಿನದು ೧.೧೯. ವಾಚಕರು ಭಾಗಿಸಿ ನೋಡಿದರೆ ಗಾತ್ರ ನೂರಕ್ಕೆ ೨೧ರಷ್ಟು ಕುಗ್ಗಬೇಕೆಂದು ತಿಳಿಯುತ್ತದೆ. ಇಷ್ಟು ಕುಗ್ಗಿದ ಸಾಲು ಯಾವ ಬಾಯಿಗೂ ಹೊಂದಲಾರದು. ಆದುದರಿಂದ ಮೊದಲೇ ತಯಾರಾದ ಪಾಲಿಮರಿನ ಪುಡಿಯ ಮೂರು ಪಾಲಿಗೆ ದ್ರವದ ಒಂದು ಪಾಲನ್ನು ಬೆರೆಸಿ ಕಲಸುತ್ತಾರೆ. ಆಗ ಕುಗ್ಗುವಿಕೆ ಸುಮಾರು ೭ಕ್ಕೆ ಇಳಿಯುತ್ತದೆ. ಮಿಶ್ರಣ ಮೊದಲು ಒದ್ದೆ ಮರಳಿನಂತೆಯೂ, ಆಮೇಲೆ ಎಳೆಎಳೆಯಾಗಿ ಅಂಟುವಂತೆಯೂ, ಕೊನೆಗೆ ಹೋಳಿಗೆಯ ಕಣಕದ ಹದಕ್ಕೂ ಬರುತ್ತದೆ. ಆ ಹದದಲ್ಲಿ ಅದು ಕೈಗೆ ಅಂಟುವುದಿಲ್ಲ. ಅಂಟುವುದಿಲ್ಲವೆಂದೇ ಅದನ್ನು ಬರಿಗೈಯಿಂದ ನಾದಿ ಅಚ್ಚಿಗೆ ತುಂಬುವ ಅಭ್ಯಾಸ ಬೆಳೆಯಿತು. ಕಣಕ ಅಂಟದಿದ್ದರೂ ಅದರೊಳಗಿನ ಬಿಡಿ ಅಣುಗಳು ಕೈಗೆ ಹೋಗುತ್ತಲೇ ಇರುತ್ತವೆ. ಕುಶಲಕರ್ಮಿಗಳ ಬೆರಳುಗಳು ಕೆಟ್ಟುದಕ್ಕೆ ಇದೇ ಕಾರಣ.

ಇನ್ನು ಚರ್ಮದ ಕಡೆಗೆ ಬರೋಣ. ಚರ್ಮದ ಅತ್ಯಂತ ಹೊರಗಿನ ಸತ್ತ ಪದರ ಅಂಗೈ, ಬೆರಳಿನ ತುದಿಗಳನ್ನು ಬಿಟ್ಟರೆ ಉಳಿದೆಡೆ ಮಿಲಿಮೀಟರಿನ ಕೆಲವೇ ನೂರನೆಯ ಪಾಲಿನಷ್ಟು ತೆಳುವಾಗಿದ್ದರೂ ದೊಡ್ಡ ಅಣುಗಳಿಗೆ ಗಟ್ಟಿಯಾದ ಕೋಟೆ. ಸಾಮಾನ್ಯವಾಗಿ ಅಣುಭಾರ ೫೦೦ನ್ನು ಮೀರಿದ ವಸ್ತುಗಳು ಅದನ್ನು ದಾಟುವುದು ಕಷ್ಟ ಎಂಬುದು ೨೦೦೦ದಲ್ಲಿ ಚರ್ಮವಿಜ್ಞಾನಿಗಳು ಮುಂದಿಟ್ಟ, ಈಗ ಬಹುವಾಗಿ ಬಳಕೆಯಲ್ಲಿರುವ ಒಂದು ಸ್ಥೂಲ ನಿಯಮ. ಲಕ್ಷಗಟ್ಟಲೆ ಅಣುಭಾರದ ಪಾಲಿಮರ್ ಸರಪಳಿ ಈ ಕೋಟೆಯ ಹೊರಗೇ ಉಳಿಯುತ್ತದೆ. ೧೦೦ ಅಣುಭಾರದ ಮಾನೊಮರಿಗೆ ಅದು ತೆರೆದ ಬಾಗಿಲು.

ಒಳಹೊಕ್ಕ ಮಾನೊಮರ್ ತಾನಾಗಿ ದೇಹದ ರಕ್ಷಣಾವ್ಯವಸ್ಥೆಯ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಆದರೆ ಅದರ ದ್ವಿಬಂಧ ಇನ್ನೂ ಬಿಚ್ಚದೆ ಇದೆಯಲ್ಲ! ನೆರೆಯ ಮಾನೊಮರನ್ನು ಹಿಡಿಯಬೇಕಾಗಿದ್ದ ಆ ಕೈ ಈಗ ಚರ್ಮದ ಪ್ರೋಟೀನಿನಲ್ಲಿರುವ ಗಂಧಕಯುಕ್ತ ಭಾಗವನ್ನು ಹಿಡಿಯುತ್ತದೆ. ಹಲ್ಲಿನ ಸಾಲನ್ನು ಗಟ್ಟಿಮಾಡುವ ಗುಣವೇ ಇಲ್ಲಿ ರೋಗಕ್ಕೂ ಮೂಲವೆಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಪ್ರೋಟೀನಿಗೆ ಅಂಟಿಕೊಂಡಮೇಲೆ ಮಾತ್ರ ಗುರುತಿಸಲ್ಪಡುವ ಇಂಥ ಸಣ್ಣ ಅಣುಗಳಿಗೆ ಹ್ಯಾಪ್ಟೆನ್ ಎಂಬ ಹೆಸರನ್ನು ಕೊಟ್ಟವರು, ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್.

ಮಾರ್ಪಟ್ಟ ಪ್ರೋಟೀನನ್ನು ಚರ್ಮದ ಕಾವಲು ಕೋಶಗಳು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಅಲ್ಲಿನ ಬಿಳಿಯ ರಕ್ತಕೋಶಗಳಿಗೆ ತೋರಿಸುತ್ತವೆ. ಅವುಗಳಲ್ಲಿ ಕೆಲವು ಅದನ್ನು ಪರಕೀಯವೆಂದು ತೀರ್ಮಾನಿಸಿ, ಒಂದೆರಡು ವಾರಗಳಲ್ಲಿ ಸಂಖ್ಯೆಯಲ್ಲಿ ಹೆಚ್ಚಿ, ನೆನಪನ್ನು ಹೊತ್ತು ದೇಹದಲ್ಲೆಲ್ಲ ಹರಡುತ್ತವೆ. ಈ ಹಂತದಲ್ಲಿ ಹೊರಗೆ ಏನೂ ಕಾಣದು. ಇದು ಎಲ್ಲರಲ್ಲಿಯೂ ಆಗುವುದೂ ಇಲ್ಲ. ಒಬ್ಬನಿಗೆ ತಿಂಗಳುಗಳಲ್ಲಿ ಆದೀತು, ಇನ್ನೊಬ್ಬನಿಗೆ ಮೂವತ್ತು ವರ್ಷ ಕೆಲಸ ಮಾಡಿದರೂ ಆಗದಿರಬಹುದು. ಆದರೆ ಒಮ್ಮೆ ಆದಮೇಲೆ, ಅತ್ಯಲ್ಪ ಮಾನೊಮರ್ ತಗಲಿದರೂ ಒಂದೆರಡು ದಿನಗಳಲ್ಲಿ ಚರ್ಮ ಕೆರಳುತ್ತದೆ. ಇದನ್ನೇ ಸಂಪರ್ಕದ ಅಲರ್ಜಿ ಅಥವಾ ಒಗ್ಗದಿಕೆ ಎನ್ನುತ್ತೇವೆ. ಕಡಲೆಕಾಯಿ ತಿಂದ ಕ್ಷಣಗಳಲ್ಲಿ ಮೈಯೆಲ್ಲ ದದ್ದಾಗುವ ಅಲರ್ಜಿಗಿಂತ ಇದು ಬೇರೆ ಜಾತಿಯದು. ಇಲ್ಲಿ ತಡವೇ ಲಕ್ಷಣ. ಈ ನೆನಪು ಬಹುಮಟ್ಟಿಗೆ ಜೀವಮಾನದ್ದು. ಅದನ್ನು ಅಳಿಸುವ ಔಷಧಿಯಿಲ್ಲ. ಮುಲಾಮು ಹಚ್ಚಿದರೆ ಅಂದಿನ ಉರಿ ಶಮನವಾದೀತು, ಅಷ್ಟೆ. ಕೈಕೆಲಸದಿಂದಲೇ ಬದುಕುವ ತಂತ್ರಜ್ಞನೊಬ್ಬನಿಗೆ, ಐದು ವರ್ಷ ಓದಿ ಹೊರಬಿದ್ದ ದಂತವೈದ್ಯೆಯೊಬ್ಬಳಿಗೆ, ಇದು ವೃತ್ತಿಯನ್ನೇ ಅಲುಗಿಸುವ ಮಾತು.

ಹಾಗಾದರೆ ಗಟ್ಟಿಯಾದ ಅಕ್ರಿಲಿಕ್ಕು ಸಂಪೂರ್ಣ ನಿರ್ದೋಷಿಯೆ? ಎಲ್ಲ ಮಾನೊಮರೂ ಸರಪಳಿಗೆ ಸೇರಿದ್ದರೆ ಹೌದು ಎನ್ನಬಹುದಾಗಿತ್ತು. ಸೇರುವುದಿಲ್ಲ. ಬೆಲ್ಲದ ಪಾಕವನ್ನು ಕಾಯಿಸುವಾಗ ಮೊದಲು ಸೌಟು ಸಲೀಸಾಗಿ ತಿರುಗುತ್ತದೆ; ಪಾಕ ಏರಿದಂತೆ ತಿರುಗಿಸುವುದು ಕಷ್ಟವಾಗಿ, ಕೊನೆಗೆ ಸೌಟು ನಿಂತೇಬಿಡುತ್ತದೆ. ಸರಪಳಿಗಳು ಬೆಳೆದು ಹೆಣೆದುಕೊಂಡಂತೆ ಮಿಶ್ರಣದ ಸ್ಥಿತಿಯೂ ಹೀಗೆಯೇ. ಬಿಡಿ ಅಣು ಬೆಳೆಯುತ್ತಿರುವ ಸರಪಳಿಯ ತುದಿಯನ್ನು ತಲಪಬೇಕಾದರೆ ಚಲಿಸಬೇಕು. ಸುತ್ತಲಿನ ವಸ್ತು ಗಾಜಿನಂತೆ ಹೆಪ್ಪುಗಟ್ಟಿದಮೇಲೆ ಚಲನೆಗೆ ಆಸ್ಪದವೆಲ್ಲಿ? ಕ್ರಿಯೆ ಮುಗಿಯುವ ಮುನ್ನವೇ ನಿಲ್ಲುತ್ತದೆ. ಕೆಲವು ಅಣುಗಳು ಒಳಗೆ ಸೆರೆಯಾಗುತ್ತವೆ.

ಉಷ್ಣತೆಯ ಮಹತ್ವ ಇಲ್ಲಿ ಬರುತ್ತದೆ. ಅಕ್ರಿಲಿಕ್ ಗಾಜಿನ ಸ್ಥಿತಿಯಿಂದ ಮೆದುವಾಗುವುದು ಸುಮಾರು ೧೦೫ ಡಿಗ್ರಿಯ ಆಸುಪಾಸಿನಲ್ಲಿ. ಹಲ್ಲಿನ ಸಾಲಿನ ಅಚ್ಚನ್ನು ಮೊದಲು ೭೪ ಡಿಗ್ರಿಯ ನೀರಿನಲ್ಲಿ ಎರಡು ಗಂಟೆ ಇರಿಸಿ, ಆಮೇಲೆ ಕುದಿಯುವ ನೀರಿನಲ್ಲಿ ಒಂದು ಗಂಟೆ ಇರಿಸುವುದು ಒಂದು ಪ್ರಸಿದ್ಧ ಕ್ರಮ. ಮೊದಲೇ ಕುದಿಸಿದರೆ ಏನು? ಸರಪಳಿ ಬೆಳೆಯುವಾಗ ಬಿಡುಗಡೆಯಾಗುವ ಶಾಖವೂ ಕೂಡಿಕೊಂಡು ಒಳಗಿನ ಮಾನೊಮರ್ ಕುದಿದು, ವಸ್ತುವಿನ ತುಂಬ ಗುಳ್ಳೆಗಳಾಗುತ್ತವೆ. ಹೆಚ್ಚಿನ ಭಾಗ ಸರಪಳಿಗೆ ಸೇರಿದಮೇಲೆ ಕುದಿಸಿದರೆ ಆ ಭಯವಿಲ್ಲ. ಮೆದುವಾಗುವ ಉಷ್ಣತೆಯ ಸಮೀಪಕ್ಕೆ ಬಂದ ವಸ್ತುವಿನಲ್ಲಿ ಸೆರೆಯಾದ ಅಣುಗಳಿಗೆ ಮತ್ತೆ ಕಾಲು ಬರುತ್ತದೆ. ಅವಸರದ ಕಾರ್ಯಾಗಾರದಲ್ಲಿ ಕೊನೆಯ ಒಂದು ಗಂಟೆಯ ಕುದಿಸುವಿಕೆಯನ್ನು ಬಿಟ್ಟರೆ ಸಾಲು ನೋಡಲು ಒಂದೇ ರೀತಿ ಇರುತ್ತದೆ. ವ್ಯತ್ಯಾಸ ಕಣ್ಣಿಗೆ ಕಾಣದು.

ಕಾಯಿಸದೆ, ಅಮೀನ್ ಎಂಬ ರಾಸಾಯನಿಕದ ಸಹಾಯದಿಂದ ಕೋಣೆಯ ಉಷ್ಣತೆಯಲ್ಲಿಯೇ ಗಟ್ಟಿಯಾಗುವ ಅಕ್ರಿಲಿಕ್ಕೂ ಉಂಟು. ಮುರಿದ ಸಾಲನ್ನು ಬೆಸೆಯುವುದಕ್ಕೂ, ತಾತ್ಕಾಲಿಕ ಹಲ್ಲುಗಳಿಗೂ ಅದು ಅನುಕೂಲ. ಆದರೆ ಅದರಲ್ಲಿ ಅಣುಗಳ ಚಲನೆ ಬೇಗ ನಿಲ್ಲುವುದರಿಂದ ಉಳಿಕೆ ಹೆಚ್ಚು. ಅಂತರರಾಷ್ಟ್ರೀಯ ಮಾನಕವೇ ಕಾಯಿಸಿದ ಅಕ್ರಿಲಿಕ್ಕಿನಲ್ಲಿ ತೂಕದಲ್ಲಿ ನೂರಕ್ಕೆ ೨.೨ರವರೆಗೂ, ಕಾಯಿಸದೆ ಗಟ್ಟಿಯಾಗುವುದರಲ್ಲಿ ೪.೫ರವರೆಗೂ ಉಳಿಕೆ ಮಾನೊಮರನ್ನು ಒಪ್ಪುತ್ತದೆ. ಸರಿಯಾಗಿ ಕುದಿಸಿದ ಸಾಲಿನಲ್ಲಿ ಇದು ಒಂದಕ್ಕಿಂತಲೂ ಕಡಿಮೆ ಇರುತ್ತದೆ.

ಇಷ್ಟನ್ನು ಓದಿ, ಹಲ್ಲು ಕಟ್ಟಿಸಿಕೊಂಡ ತಾತನವರಿಗೆ ಬಾಯಿ ಉರಿಯುವುದು ಅಕ್ರಿಲಿಕ್ಕಿನಿಂದಲೇ ಎಂದು ಯಾರೂ ಅವಸರದ ತೀರ್ಮಾನಕ್ಕೆ ಬರಬಾರದು. ಬಾಯಿಯಲ್ಲಿ ಜೊಲ್ಲು ಸದಾ ಹರಿಯುತ್ತ ಹೊರಬಂದ ಅಣುಗಳನ್ನು ತೆಳುಮಾಡಿ ತೊಳೆಯುತ್ತದೆ; ಒಳಚರ್ಮದ ಹೇರಳವಾದ ರಕ್ತಸಂಚಾರ ಅವನ್ನು ಬೇಗ ಸಾಗಿಸಿಬಿಡುತ್ತದೆ. ಆದುದರಿಂದ ಹಲ್ಲು ಧರಿಸುವವರಲ್ಲಿ ನಿಜವಾದ ಅಕ್ರಿಲಿಕ್ ಅಲರ್ಜಿ ವಿರಳ. ಸಾಲು ಸರಿಯಾಗಿ ಕೂಡದೆ ಒತ್ತುವುದು, ರಾತ್ರಿಯೂ ತೆಗೆಯದೆ ಇರುವುದು, ಶುಚಿಯಿಲ್ಲದ ಸಾಲಿನ ಕೆಳಗೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುವುದು—ಬಾಯಿಯ ಕೆಂಪಿಗೂ ಉರಿಗೂ ಇವೇ ಬಹುಪಾಲು ಕಾರಣಗಳು.

ಕೆಲಸಗಾರರ ಕೈಗೆ ಕೈಗವಸು ತೊಡಿಸಿದರೆ ಸಮಸ್ಯೆ ತೀರಿತಲ್ಲವೆ? ಬಹಳ ಕಾಲ ಹಾಗೆಯೇ ನಂಬಿದ್ದರು. ಇಂಗಿನ ಪೊಟ್ಟಣವನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಬ್ಬಿಯಲ್ಲಿಟ್ಟು ನೋಡಿ. ತೂತಿಲ್ಲದ ಚೀಲದಿಂದ ವಾಸನೆ ಹೊರಬಂದೇ ಬರುತ್ತದೆ. ಅಣುಗಳು ಚೀಲದ ವಸ್ತುವಿನಲ್ಲಿಯೇ ಕರಗಿ, ಅದರ ಸರಪಳಿಗಳ ನಡುವೆ ನುಸುಳಿ, ಇನ್ನೊಂದು ಬದಿಯಲ್ಲಿ ಹೊರಬೀಳುತ್ತವೆ. ರಬ್ಬರಿನ ಕೈಗವಸನ್ನು ಮಾನೊಮರ್ ಹೀಗೆಯೇ, ಅದೂ ಕೆಲವೇ ನಿಮಿಷಗಳಲ್ಲಿ, ದಾಟುತ್ತದೆ. ಕೀಲುಮೂಳೆ ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಲೋಹದ ಭಾಗವನ್ನು ಮೂಳೆಗೆ ಕೂರಿಸಲು ಬಳಸುವ ಸಿಮೆಂಟೂ ಇದೇ ಮೀಥೈಲ್ ಮೆಥಾಕ್ರಿಲೇಟು. ಅದನ್ನು ಇಂಗ್ಲೆಂಡಿನ ಜಾನ್ ಚಾರ್ನ್ಲಿ ೧೯೫೦ರ ದಶಕದ ಕೊನೆಯಲ್ಲಿ ರೂಢಿಗೆ ತಂದರು. ೧೯೭೧ರಲ್ಲಿ ಪೆಗಮ್ ಮತ್ತು ಮೆಡ್‌ಹರ್ಸ್ಟ್ ಎಂಬ ವೈದ್ಯರು, ಮಾನೊಮರ್ ರಬ್ಬರು ಕೈಗವಸನ್ನು ಹಾಯ್ದು ಚರ್ಮದ ಉರಿಯೂತವನ್ನು ತಂದುದನ್ನು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. ಕೈಗವಸಿನೊಳಗೆ ಸಿಕ್ಕಿಕೊಂಡ ಮಾನೊಮರ್ ಆವಿಯಾಗಿ ಹೋಗಲೂ ಆಗದೆ ಚರ್ಮಕ್ಕೆ ಅಂಟಿಯೇ ಇರುತ್ತದೆ. ತೋಯ್ದ ಕೈಗವಸನ್ನು ಗಂಟೆಗಟ್ಟಲೆ ತೊಟ್ಟಿರುವುದು ಬರಿಗೈಗಿಂತ ಮೇಲೇನೂ ಅಲ್ಲ.

ವಿಸರಣದ ನಿಯಮ ಇಲ್ಲಿ ಒಂದು ಉಪಾಯವನ್ನೂ ಸೂಚಿಸುತ್ತದೆ. ಪದರವನ್ನು ದಾಟಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಆದುದರಿಂದ ಎರಡು ಕೈಗವಸುಗಳನ್ನು ಒಂದರ ಮೇಲೊಂದು ತೊಡುವುದು ಲೆಕ್ಕಕ್ಕೆ ಸರಿಯಾದ ಬುದ್ಧಿ. ರಬ್ಬರಿಗಿಂತ ನೈಟ್ರೈಲ್ ವಾಸಿ, ಆದರೂ ಅದನ್ನು ಬೇಗಬೇಗ ಬದಲಿಸಬೇಕು. ಬೇರೆಬೇರೆ ಪ್ಲಾಸ್ಟಿಕ್‌ಗಳ ತೆಳುಹಾಳೆಗಳನ್ನು ಪದರಪದರವಾಗಿ ಜೋಡಿಸಿ ಮಾಡಿದ ಕೈಗವಸು ಗಂಟೆಗಳ ಕಾಲ ತಡೆಯುತ್ತದೆ. ಅದು ಕೈಗೆ ಬಿಗಿಯಾಗಿ ಕೂಡದೆ ಕೆಲಸಕ್ಕೆ ತೊಡಕಾಗುವುದರಿಂದ ಅದರ ಮೇಲೆ ಇನ್ನೊಂದು ಬಿಗಿ ಕೈಗವಸನ್ನು ತೊಡುವುದುಂಟು. ಇವೆಲ್ಲಕ್ಕಿಂತ ಉತ್ತಮವಾದುದು ಮುಟ್ಟದೆ ಕೆಲಸ ಮಾಡುವ ಅಭ್ಯಾಸ: ಸಲಾಕೆಯಿಂದ ಕಲಸುವುದು, ಹಾಳೆಯ ನಡುವೆ ಇಟ್ಟು ಒತ್ತುವುದು, ಸೀಸೆಯ ಹೊರಮೈಗೆ ಹರಿದ ಹನಿಯನ್ನು ಬೆರಳಿನಿಂದ ಒರೆಸದಿರುವುದು.

ಇಂದಿನ ದಂತವೈದ್ಯದಲ್ಲಿ ಮೀಥೈಲ್ ಮೆಥಾಕ್ರಿಲೇಟಿನ ಬಂಧುಗಳು ಅನೇಕ. ಅಮೆರಿಕದ ರಾಫೆಲ್ ಬೋವೆನ್ ೧೯೬೨ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ಎಂಬ ಮಾನೊಮರ್ ಹಲ್ಲಿನ ಬಣ್ಣದ ಭರ್ತಿವಸ್ತುಗಳ ಮೂಲಪುರುಷ. ಅದರ ಅಣುಭಾರ ೫೧೨. ಜೇನಿಗಿಂತ ಮಂದವಾದುದರಿಂದ ಸಣ್ಣ ಮಾನೊಮರುಗಳನ್ನು ಸೇರಿಸಿ ತೆಳುಮಾಡಬೇಕಾಗುತ್ತದೆ. ಭರ್ತಿಯನ್ನು ಹಲ್ಲಿಗೆ ಅಂಟಿಸುವ ದ್ರವದಲ್ಲಿ ಹೇಮಾ ಎಂಬ ಸಂಕ್ಷಿಪ್ತ ಹೆಸರಿನ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್ ಇರುತ್ತದೆ; ಇದರ ಅಣುಭಾರ ಕೇವಲ ೧೩೦. ಇವು ಸುಮಾರು ೪೭೦ ನ್ಯಾನೊಮೀಟರ್ ಅಲೆಯುದ್ದದ ನೀಲಿ ಬೆಳಕು ಬಿದ್ದಾಗ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತವೆ. ಗಾಳಿಗೆ ತೆರೆದ ಮೇಲ್ಮೈಯಲ್ಲಿ ಮಾತ್ರ ಆಮ್ಲಜನಕ ಸರಪಳಿಯ ತುದಿಗಳನ್ನು ಅಡ್ಡಗಟ್ಟುವುದರಿಂದ ಒಂದು ಅಂಟಂಟಾದ ಪದರ ಉಳಿಯುತ್ತದೆ. ಅದನ್ನು ಬೆರಳಿನಿಂದ ಮುಟ್ಟಿ ನೋಡುವ ಕುತೂಹಲ ದುಬಾರಿಯಾದದ್ದು. ಉಜ್ಜುವಾಗ ಏಳುವ ಧೂಳಿನಲ್ಲಿಯೂ ಬಿಡಿ ಅಣುಗಳಿರುತ್ತವೆ.

ವಿಚಿತ್ರವೆಂದರೆ ಈ ಹೇಮಾ ಈಗ ದಂತವೈದ್ಯರ ಕೋಣೆಯಿಂದ ಹೊರಬಿದ್ದು ವಿದ್ಯಾರ್ಥಿನಿಯರ ಮೇಜಿನ ಮೇಲೆ ಕುಳಿತಿದೆ. ದೀಪದ ಕೆಳಗೆ ಕೈಯಿಟ್ಟು ಗಟ್ಟಿಮಾಡಿಕೊಳ್ಳುವ ಜೆಲ್ ಉಗುರುಬಣ್ಣಗಳಲ್ಲಿ ಇದೇ ಜಾತಿಯ ಮಾನೊಮರುಗಳು ಇರುತ್ತವೆ. ಮನೆಯಲ್ಲಿ ಕೊಂಡ ದೀಪದ ಬೆಳಕು ಆ ಬಣ್ಣಕ್ಕೆ ಹೊಂದದಿದ್ದರೆ, ಅಥವಾ ಬಣ್ಣ ಉಗುರು ದಾಟಿ ಚರ್ಮಕ್ಕೆ ಹರಿದರೆ, ಹಲ್ಲಿನ ತಂತ್ರಜ್ಞನಿಗೆ ಆದದ್ದೇ ಇಲ್ಲಿಯೂ ಆಗುತ್ತದೆ. ಯುರೋಪಿನಲ್ಲಿ ೨೦೧೯ರಿಂದ ಚರ್ಮದ ಅಲರ್ಜಿಯ ಸಾಮಾನ್ಯ ಪರೀಕ್ಷಾಪಟ್ಟಿಗೆ ಹೇಮಾವನ್ನು ಸೇರಿಸಿದ್ದಾರೆ. ೨೦೨೦ರಲ್ಲಿ ಹೊರಡಿಸಿದ ನಿಯಮದಂತೆ, ಹೇಮಾ ಇರುವ ಉಗುರುಬಣ್ಣ ವೃತ್ತಿಪರರ ಬಳಕೆಗೆ ಮಾತ್ರ ಎಂದು ಅಲ್ಲಿ ನಮೂದಿಸಬೇಕು. ಒಂದು ಮೆಥಾಕ್ರಿಲೇಟಿಗೆ ಒಗ್ಗದವರಿಗೆ ಅದರ ಬಂಧುಗಳೂ ಒಗ್ಗದಿರುವುದುಂಟು. ಹದಿನೇಳರಲ್ಲಿ ಉಗುರಿನಿಂದ ಬಂದ ಒಗ್ಗದಿಕೆ, ಮುಂದೆ ಹಲ್ಲಿನ ಭರ್ತಿಯ ಕಾಲಕ್ಕೋ ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಯ ಕಾಲಕ್ಕೋ ವೈದ್ಯರು ಯೋಚಿಸಬೇಕಾದ ವಿಷಯವಾಗಬಹುದು. ದಂತವೈದ್ಯ ಓದಬೇಕೆಂದಿರುವವಳಿಗಂತೂ ಕಾಲೇಜು ಸೇರುವ ಮುನ್ನವೇ ಇದು ತೊಡಕು.

ಸಂದೇಹವಿದ್ದರೆ ನಿರ್ಣಯಿಸುವ ಮಾರ್ಗ ಪ್ಯಾಚ್ ಪರೀಕ್ಷೆ. ಇದನ್ನು ೧೮೯೫ರಲ್ಲಿ ಜೋಸೆಫ್ ಯಾಡಸ್ಸೋನ್ ಮೊದಲು ವಿವರಿಸಿದರು. ಮೀಥೈಲ್ ಮೆಥಾಕ್ರಿಲೇಟನ್ನೋ ಹೇಮಾವನ್ನೋ ನೂರಕ್ಕೆ ೨ರಂತೆ ವ್ಯಾಸಲಿನ್ನಿನಲ್ಲಿ ಬೆರೆಸಿ, ಬೆನ್ನಿಗೆ ಅಂಟಿಸಿ, ಎರಡು ದಿನಗಳ ಮೇಲೆ ತೆಗೆದು, ಆಗಲೂ ಮತ್ತೆ ಒಂದೆರಡು ದಿನ ಬಿಟ್ಟೂ ಕೆಂಪು ಎದ್ದಿದೆಯೇ ಎಂದು ನೋಡುತ್ತಾರೆ. ಇದು ಚರ್ಮವೈದ್ಯರ ಕೆಲಸ. ಶುದ್ಧ ದ್ರವವನ್ನು ತೋಳಿಗೆ ಹಚ್ಚಿಕೊಂಡು ಯಾರೂ ಸ್ವಂತ ಪ್ರಯೋಗ ಮಾಡಕೂಡದು. ಇಲ್ಲದ ಒಗ್ಗದಿಕೆಯನ್ನು ಆ ಪ್ರಯೋಗವೇ ತಂದೀತು.

ಒಗ್ಗದಿಕೆ ಖಚಿತವಾದ ರೋಗಿಗೆ ಹಲ್ಲಿನ ಸಾಲೇ ನಿಷಿದ್ಧವೆಂದಲ್ಲ. ಪೂರ್ಣವಾಗಿ ಕುದಿಸಿ ತಯಾರಿಸಿದ ಸಾಲನ್ನು ಕೊಡುವ ಮೊದಲು ಕೆಲವು ದಿನ ನೀರಿನಲ್ಲಿ ನೆನೆಹಾಕಿದರೆ ಮೇಲ್ಪದರದ ಬಿಡಿ ಅಣುಗಳು ನೀರಿಗೆ ಹೋಗುತ್ತವೆ. ಬಿಸಿನೀರಾದರೆ ಇನ್ನೂ ಬೇಗ. ದಪ್ಪದ ವರ್ಗದ ನಿಯಮ ಇಲ್ಲಿಯೂ ಅನ್ವಯಿಸುವುದರಿಂದ, ಎರಡು ಮಿಲಿಮೀಟರ್ ದಪ್ಪದ ಭಾಗಕ್ಕೆ ಒಂದು ಮಿಲಿಮೀಟರಿನದಕ್ಕಿಂತ ನಾಲ್ಕು ಪಟ್ಟು ಕಾಲ ಕೊಡಬೇಕು. ಅದೂ ಒಗ್ಗದಿದ್ದರೆ ಕೋಬಾಲ್ಟ್-ಕ್ರೋಮಿಯಂ ಲೋಹದ ತಳವನ್ನೋ ನೈಲಾನ್ ಜಾತಿಯ ಪ್ಲಾಸ್ಟಿಕ್ಕನ್ನೋ ಬಳಸುತ್ತಾರೆ. ಅವುಗಳಲ್ಲಿಯೂ ಕೂರಿಸುವ ಹಲ್ಲುಗಳು ಬಹುಮಟ್ಟಿಗೆ ಅಕ್ರಿಲಿಕ್ಕಿನವೇ. ಆದರೆ ಅವು ಕಾರ್ಖಾನೆಯಲ್ಲಿ ಶಾಖ ಮತ್ತು ಒತ್ತಡದಲ್ಲಿ ಗಟ್ಟಿಗೊಂಡು ಬಂದವಾದುದರಿಂದ ಅವುಗಳಲ್ಲಿ ಬಿಡಿ ಅಣುಗಳ ಉಳಿಕೆ ತೀರ ಕಡಿಮೆ.